ಡಾಕ್ಟರಮ್ಮನಿಗೆ ಹೇಳದೆ ಮುಚ್ಚಿಟ್ಟಿದ್ದು

ಮೊಮ್ಮಕ್ಕಳೇ, ವೀರೇಶಾ, ಗೌರೀ, ಕೇಳಿ. ಆದೋನಿಯ ಡಾಕ್ಟರಮ್ಮ ನನ್ನ ರಕ್ತದ ರಿಪೋರ್ಟ್ ಓದುತ್ತಾ ಕುರ್ಚಿಯಿಂದ ಎದ್ದೇ ನಿಂತುಬಿಟ್ಟರು. ಕ್ಯಾಲ್ಸಿಯಂ ಮಿತಿಮೀರಿದೆ, ಕಿಡ್ನಿಗೆ ಪೆಟ್ಟು ಬೀಳುತ್ತಿದೆ ಎಂದರು. ನಾನು ಬರೀ ಬಾಯಾರಿಕೆ, ವಾಂತಿ ಎಂದು ಹೋದವಳು.

"ಎಲುಬು ಗಟ್ಟಿ ಆಗ್ಲೆಂತ ಮೊಮ್ಮಕ್ಕಳು ತಂದುಕೊಟ್ಟ ಗುಳಿಗಿ ದಿನಕ್ಕ ಎರಡು ತಗೋತೀನ್ರಿ. ಮತ್ತೇನೂ ಇಲ್ರಿ" ಎಂದೆ.

ಅವರು ನಂಬಲಿಲ್ಲ. ಟಾರ್ಚ್ ಹಾಕಿ ನನ್ನ ಬಾಯೊಳಗೆ ನೋಡಿದರು; ಹಲ್ಲಿನ ಮೇಲಿನ ಕೆಂಪು ಕಲೆ ಕಂಡುಬಿಟ್ಟಿತು.

"ನಿಜಂ ಚೆಪ್ಪವ್ವಾ, ಖರೇ ಹೇಳು, ದಿನಕ್ಕ ಎಷ್ಟು ಸಲ ಎಲಿ ಹಾಕ್ಕೊಂತಿ? ಅದಕ್ಕ ಹಚ್ಚೋ ಸುಣ್ಣನೂ ಕ್ಯಾಲ್ಸಿಯಮ್ಮೇ ಐತಿ!"

ನಿಮ್ಮ ತಾತ ತೀರಿಕೊಂಡ ಮೇಲೂ ನಾನು ಎಲೆ ಅಡಿಕೆ ಬಿಟ್ಟಿರಲಿಲ್ಲ. ಗಂಡ ಇಲ್ಲದವಳಿಗೆ ಇದೆಲ್ಲ ಯಾಕೆ ಎಂದು ಜನ ಆಡಿಕೊಂಡಾರೆಂದು ಹಿತ್ತಲಲ್ಲಿ ಹಾಕಿಕೊಂಡು, ಬಾಯಿ ತೊಳೆದೇ ಒಳಗೆ ಬರುತ್ತಿದ್ದೆ. ತಲೆ ತಗ್ಗಿಸಿ "ಆರೇಳು ಸಲರಿ" ಎಂದೆ.

"ಸುಣ್ಣದ ಮ್ಯಾಲ ಗುಳಿಗಿ ಬ್ಯಾರೆ! ನಾಚಿಕಿಗೆ ಜೀವ ಕೊಡಾಕ ಹೊಂಟಿದ್ದಿಯೇನವ್ವಾ?" ಎಂದು ಬೈದು, ಅಲ್ಲೇ ಮಲಗಿಸಿ ಸಲೈನ್ ಹಚ್ಚಿದರು. ನಾಲ್ಕು ದಿನ ಇಟ್ಟುಕೊಂಡು ಕಳಿಸಿದರು.

ಈಗ ಗುಳಿಗೆಯನ್ನೂ ಬಿಟ್ಟಿದ್ದೇನೆ, ಸುಣ್ಣವನ್ನೂ ಬಿಟ್ಟಿದ್ದೇನೆ. ನೀವು ಪ್ರೀತಿಯಿಂದ ತಂದಿರಿ, ನಿಮ್ಮ ತಪ್ಪಿಲ್ಲ. ಆದರೆ ಶಕ್ತಿಯ ಗುಳಿಗೆಯೋ ಪುಡಿಯೋ ನೀವು ತೆಗೆದುಕೊಳ್ಳುವ ಮೊದಲು, ಹೇಳಲು ನಾಚಿಕೆಯಾಗುವುದನ್ನೂ ಡಾಕ್ಟರಿಗೆ ಹೇಳಿ. ನಿಮ್ಮೆದುರು ಬಾಯಿಬಿಟ್ಟು ಹೇಳಲು ಇನ್ನೂ ಧೈರ್ಯವಿಲ್ಲದೆ ಬರೆದಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.