ಹಿಂದಕ್ಕೆ ಹಾಕಿದ ತಾರೀಖು

ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದಿಂದ ಹೊರಗೆ ಬಂದು ನಾಲ್ಕು ಹೆಜ್ಜೆ ಹಾಕಿದರೆ ಸಿಗುವ ಸಾಲುಮಳಿಗೆಗಳಲ್ಲಿ ಒಂದು ನನ್ನದು. ಜೆರಾಕ್ಸ್, ಲಗ್ನಪತ್ರಿಕೆ, ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಫೋಟೊ ಎಂದು ಬೋರ್ಡು ಹಾಕಿದ್ದೇನೆ. ಅಂಗಡಿ ತೆರೆದ ಮೊದಲ ವರ್ಷ ಗಂಡಸರು ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿ, ಎದುರಿಗೇ ಕುಳಿತಿದ್ದ ನನ್ನನ್ನೇ ‘ಯಾರೂ ಇಲ್ಲೇನ್ರಿ?’ ಎಂದು ಕೇಳುತ್ತಿದ್ದರು. ನಾನೇ ಇದ್ದೇನೆ, ಏನಾಗಬೇಕು ಎಂದರೆ, ಯಜಮಾನರು ಬಂದ ಮೇಲೆ ಬರುತ್ತೇವೆ ಎಂದು ಎದುರಿಗಿದ್ದ, ಗಂಡಸೊಬ್ಬನ ಇಂಥದೇ ಅಂಗಡಿಗೆ ಹೊರಟುಹೋಗುತ್ತಿದ್ದರು. ನನ್ನ ಯಜಮಾನರಿಗೆ ಕಂಪ್ಯೂಟರಿನ ಗುಂಡಿ ಯಾವ ಕಡೆ ಇದೆ ಎಂಬುದೂ ತಿಳಿಯದು. ಅವರು ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ.

ಆ ಸಿಟ್ಟಿನಲ್ಲೇ ನಾನು ಒಂದು ಹಟ ಹಿಡಿದೆ. ಈ ಕುರ್ಚಿಯಲ್ಲಿ ಕುಳಿತು ‘ನನಗೆ ಗೊತ್ತಿಲ್ಲ’ ಎಂದು ಯಾರಿಗೂ ಹೇಳಬಾರದು. ಗಂಡಸು ಗೊತ್ತಿಲ್ಲ ಎಂದರೆ ಅವನೊಬ್ಬನಿಗೆ ಗೊತ್ತಿಲ್ಲ ಎಂದಷ್ಟೇ ಆಗುತ್ತದೆ. ನಾನು ಹೇಳಿದರೆ ಹೆಣ್ಣುಮಕ್ಕಳಿಗೆ ಇದೆಲ್ಲ ಎಲ್ಲಿ ಬರುತ್ತದೆ ಎಂದಾಗುತ್ತದೆ. ಹೀಗಾಗಿ ಗೊತ್ತಿಲ್ಲದ್ದು ಬಂದಾಗಲೆಲ್ಲ ‘ಸರ್ವರ್ ಡೌನ್ ಐತ್ರಿ’ ಎನ್ನುವುದನ್ನು ರೂಢಿ ಮಾಡಿಕೊಂಡೆ. ಆ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ. ಸರ್ವರ್ ಎಲ್ಲಿದೆ, ಹೇಗಿದೆ ಎಂದು ನೋಡಿದವರು ನಮ್ಮೂರಲ್ಲಿ ಒಬ್ಬರೂ ಇಲ್ಲ. ಅದು ತಿರುಗಿ ಜಗಳಕ್ಕೂ ಬರುವುದಿಲ್ಲ.

ಇನ್ನೊಂದು ಕಳ್ಳಬುದ್ಧಿಯನ್ನೂ ಇಲ್ಲೇ ಹೇಳಿಬಿಡಬೇಕು. ಲಗ್ನಪತ್ರಿಕೆಗೆ ಸೊಗಸಾದ ಅಕ್ಷರ ಬೇಕು. ಕೊಟ್ಟೂರಿನಿಂದ, ಕೂಡ್ಲಿಗಿಯಿಂದ ಬರುವವರು ದಾವಣಗೆರೆಯಲ್ಲಿ ಮಾಡಿಸಿದ ಪತ್ರಿಕೆಯನ್ನು ಕೈಯಲ್ಲಿ ಹಿಡಿದೇ ಬಂದು, ಹೀಗೇ ಬರಬೇಕು ಎನ್ನುತ್ತಾರೆ. ಅಂಥ ಅಕ್ಷರಗಳಿರುವ ಒಂದು ತಂತ್ರಾಂಶ ಸಿಕ್ಕಿತು. ಮೂವತ್ತು ದಿನ ಪುಕ್ಕಟೆ, ಆಮೇಲೆ ಕೊಳ್ಳಬೇಕು. ಹರಪನಹಳ್ಳಿಯಲ್ಲಿ ಪ್ರೆಸ್ಸು ನಡೆಸುವ ಒಬ್ಬರು, ಕೊಳ್ಳುವುದೇನೂ ಬೇಡ ಮೇಡಂ, ಕಂಪ್ಯೂಟರಿನ ತಾರೀಖನ್ನು ಹಿಂದಕ್ಕೆ ಹಾಕಿಬಿಡಿ, ಅದಕ್ಕೇನು ಗೊತ್ತಾಗುತ್ತದೆ ಎಂದು ಉಪಾಯ ಹೇಳಿಕೊಟ್ಟರು. ತಾರೀಖು ತಾನಾಗಿ ಸರಿಹೋಗುವುದನ್ನು ನಿಲ್ಲಿಸಿ, ಆಗಸ್ಟ್ ಒಂದಕ್ಕೆ ಇಟ್ಟೆ. ಆಗಸ್ಟ್ ಮುಗಿಯುತ್ತಲೇ ಮತ್ತೆ ಒಂದಕ್ಕೆ. ದೀಪಾವಳಿ ಮುಗಿದು ಲಗ್ನದ ಕೆಲಸ ಜೋರಾದಾಗಲೂ ನನ್ನ ಕಂಪ್ಯೂಟರಿನಲ್ಲಿ ಆಗಸ್ಟೇ ನಡೆಯುತ್ತಿತ್ತು. ಒಮ್ಮೆ ಒಬ್ಬರ ಪ್ರಿಂಟಿನ ಕೆಳಗೆ ಹಳೆಯ ತಾರೀಖು ಬಿದ್ದು, ಬ್ಯಾಂಕಿನವರು ಕಾಗದ ಹಿಂದಕ್ಕೆ ಕಳಿಸಿದ್ದರು. ಆಗಲಾದರೂ ತಾರೀಖು ಸರಿಮಾಡಬೇಕಿತ್ತಲ್ಲ? ಮಾಡಲಿಲ್ಲ. ಪ್ರಿಂಟಿನ ಕೆಳಗೆ ತಾರೀಖು ಬೀಳದ ಹಾಗೆ ಮಾಡಿದೆ. ಆ ದಿನ ನನ್ನ ಜಾಣತನಕ್ಕೆ ನಾನೇ ನಕ್ಕಿದ್ದೆ.

ಅಷ್ಟರಲ್ಲಿ ಬ್ರೌಸರಿನಲ್ಲಿ ಕೆಂಪು ಎಚ್ಚರಿಕೆಗಳು ಕಾಣಿಸಿಕೊಳ್ಳತೊಡಗಿದವು. ಸಂಪರ್ಕ ಸುರಕ್ಷಿತವಲ್ಲ, ನಿಮ್ಮ ಮಾಹಿತಿ ಕಳುವಾಗಬಹುದು ಎಂದು ಇಂಗ್ಲಿಷಿನಲ್ಲಿ ಬರುತ್ತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಆದರೂ ಮುಂದುವರಿಯಿರಿ ಎಂಬರ್ಥದ ಒಂದು ಸಾಲು. ನಾನು ಅದನ್ನು ಒತ್ತುತ್ತಿದ್ದೆ, ಪುಟ ತೆರೆಯುತ್ತಿತ್ತು. ಮೊದಲು ವಾರಕ್ಕೊಂದು, ಆಮೇಲೆ ದಿನಕ್ಕೊಂದು. ಮೇಲಿನ ಅಕ್ಷರ ಓದುವುದನ್ನು ಎಂದೋ ಬಿಟ್ಟಿದ್ದೆ. ಬಾಗಿಲಿಗೆ ಬಂದ ಭಿಕ್ಷುಕರನ್ನು ಮುಂದೆ ಹೋಗಿ ಎನ್ನುವಷ್ಟೇ ಸಲೀಸಾಗಿ ಒತ್ತುತ್ತಿದ್ದೆ.

ಅವಳು ಬಂದದ್ದು ನವೆಂಬರಿನಲ್ಲಿ, ಹನ್ನೊಂದು ಗಂಟೆಯ ಬಸ್ಸಿಗೆ. ಕೋಗಳಿಯಿಂದಾಚೆಯ ಒಂದು ಹಳ್ಳಿಯವಳು. ಮೂವತ್ತನಾಲ್ಕು ವರ್ಷ. ಪಿಯುಸಿ ಮುಗಿಸಿ ಆ ಊರಿಗೆ ಸೊಸೆಯಾಗಿ ಬಂದವಳು. ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಒಂದೂ ಮಡಿಕೆ ಬೀಳದಂತೆ ಇಟ್ಟುಕೊಂಡಿದ್ದಳು. ಅವಳ ಮನೆಯಿಂದ ಎರಡು ಬಾಗಿಲು ಆಚೆಗೆ ಅಂಗನವಾಡಿ. ಅಲ್ಲಿದ್ದ ಹಿರಿಯ ಕಾರ್ಯಕರ್ತೆಗೆ ಮೊಣಕಾಲು ನೋವು. ಎರಡು ವರ್ಷದಿಂದ ಮಕ್ಕಳನ್ನು ಕರೆತರುವುದು, ಹಾಡು ಹೇಳಿಕೊಡುವುದು, ತೂಕ ನೋಡುವುದು ಎಲ್ಲವನ್ನೂ ಇವಳೇ ಸಂಬಳವಿಲ್ಲದೆ ಮಾಡುತ್ತಿದ್ದಳು. ಆಕೆ ನಿವೃತ್ತಿಯಾಗಿ ಈಗ ಹುದ್ದೆ ಖಾಲಿಯಾಗಿತ್ತು. ಆ ಊರಿನವರೇ ಅರ್ಜಿ ಹಾಕಬೇಕು, ಮೂವತ್ತೈದು ದಾಟಿರಬಾರದು. ಒಬ್ಬರು ಕುಳಿತರೆಂದರೆ ಮತ್ತೆ ಆ ಹುದ್ದೆ ಖಾಲಿಯಾಗುವುದು ಇಪ್ಪತ್ತು, ಇಪ್ಪತ್ತೈದು ವರ್ಷಕ್ಕೆ. ಇದನ್ನೆಲ್ಲ ಅವಳು ಕಾಗದ ಜೋಡಿಸಿಕೊಡುತ್ತ ಮೆಲ್ಲಗೆ ಹೇಳಿದಳು. ಅರ್ಜಿಗೆ ಅವತ್ತೇ ಕಡೆಯ ದಿನ. ಸಂಜೆ ಐದೂವರೆಗೆ ಮುಗಿಯುತ್ತಿತ್ತು.

ಕಡೆಯ ದಿನ ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಅವಳನ್ನೂ ಗದರಿಸಿದೆ. ವಾಸಸ್ಥಳದ ಪತ್ರ ನಿನ್ನೆ ಸಂಜೆಯಷ್ಟೇ ಕೈಗೆ ಬಂತು ಎಂದಳು. ಅದಕ್ಕಾಗಿ ಅವಳು ಎಷ್ಟು ಸಲ ಅಲೆದಿದ್ದಳೋ, ನಾನು ಕೇಳಲಿಲ್ಲ.

ಇಲಾಖೆಯ ಜಾಲತಾಣ ಹಾಕಿದೆ. ಕೆಂಪು ಎಚ್ಚರಿಕೆ ಬಂತು. ಎಂದಿನಂತೆ ಕೆಳಗಿನ ಸಣ್ಣ ಸಾಲನ್ನು ಹುಡುಕಿದೆ. ಈ ಸಲ ಅದು ಇರಲಿಲ್ಲ. ಮತ್ತೆ ಹಾಕಿದೆ. ಬೇರೆ ಬ್ರೌಸರಿನಲ್ಲಿ ಹಾಕಿದೆ. ಬ್ರೌಸರಿನಲ್ಲಿ ಕೂತಿದ್ದ ಹಳೆಯದನ್ನೆಲ್ಲ ಅಳಿಸಿದೆ. ಇಂಟರ್ನೆಟ್ಟಿನ ಡಬ್ಬಿಯ ವೈರು ಕಿತ್ತು ಮತ್ತೆ ಸಿಕ್ಕಿಸಿದೆ. ಕಂಪ್ಯೂಟರನ್ನೇ ಒಮ್ಮೆ ಆರಿಸಿ ಹೊತ್ತಿಸಿದೆ. ವೈರಸ್ ತಡೆಯಲು ಹಾಕಿಸಿದ್ದ ತಂತ್ರಾಂಶವನ್ನು ನಿಲ್ಲಿಸಿ ನೋಡಿದೆ. ನಡುನಡುವೆ ಬೇರೆಯವರ ಜೆರಾಕ್ಸು, ಫೋಟೊ ಮುಗಿಸುತ್ತ ಮತ್ತೆ ಮತ್ತೆ ಅದಕ್ಕೇ ಬಂದೆ. ಊಟದ ಹೊತ್ತು ದಾಟಿತು. ಅವಳು ಸ್ಟೂಲಿನ ಮೇಲೆ ಕುಳಿತು ಪರದೆಯನ್ನೇ ನೋಡುತ್ತಿದ್ದಳು. ನಾನು ಓದದೇ ಬಿಟ್ಟಿದ್ದನ್ನು ಅವಳು ತುಟಿ ಅಲುಗಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು.

‘ಅಕ್ಕಾರೆ, ಇಲ್ಲಿ ಗಡಿಯಾರದ್ದು ಏನೋ ಬರ್ದೈತಲ್ರಿ. ಗಡಿಯಾರ ಹಿಂದೈತಿ ಅಂತ.’

ಹಿಂದೆ ಇಬ್ಬರು ಗಂಡಸರು ಪಹಣಿಯ ಪ್ರಿಂಟಿಗಾಗಿ ನಿಂತಿದ್ದರು. ಅವರಲ್ಲೊಬ್ಬ ಇನ್ನೊಬ್ಬನಿಗೆ, ಇದು ಹೆಣ್ಣುಮಕ್ಕಳ ಅಂಗಡಿ, ಹೊತ್ತಾಗುತ್ತದೆ, ನಡಿ ಎಂದು ಹೇಳಿದ್ದು ನನ್ನ ಕಿವಿಗೆ ಬಿತ್ತು. ಹಳ್ಳಿಯಿಂದ ಬಂದ ಇವಳು ನನಗೆ ಕಂಪ್ಯೂಟರು ಹೇಳಿಕೊಡುವುದನ್ನು ಅವರು ಕೇಳಿಸಿಕೊಂಡರಲ್ಲ ಎಂದು ಮುಖ ಬಿಸಿಯಾಯಿತು.

‘ಸರ್ವರ್ ಡೌನ್ ಆದಾಗ ಏನೇನರ ಬರ್ತೈತಿ. ಅದನ್ನೆಲ್ಲ ಓದಬ್ಯಾಡ, ಸುಮ್ನ ಕುಂದ್ರು,’ ಎಂದೆ.

ಅವಳು ಸುಮ್ಮನೆ ಕುಳಿತಳು. ಆ ಗಂಡಸರೂ ಹೌದು ಹೌದು, ಸರಕಾರದ ಸರ್ವರ್ ಯಾವಾಗಲೂ ಇಷ್ಟೇ ಎಂದು ನನ್ನ ಕಡೆಗೇ ಮಾತಾಡಿದರು. ನನಗೆ ಸಮಾಧಾನವಾಯಿತು. ನಾಚಿಕೆಯಾಗಬೇಕು, ಆದರೆ ನಿಜ ಅದೇ.

ಮೂರೂವರೆಯ ಮೇಲೆ ಅವರೆಲ್ಲ ಹೋಗಿ ಹೊಸ ಮಂದಿ ಬಂದಿದ್ದರು. ಅವರಿಗೂ ಸರ್ವರ್ ಎಂದು ಹೇಳಿ ಆಗಿತ್ತು. ಆಗ ನನಗೆ ನನ್ನ ಫೋನಿನಲ್ಲಿ ತೆರೆದು ನೋಡೋಣ ಎನ್ನಿಸಿತು. ಹಾಕಿದೆ. ಒಂದೇ ಏಟಿಗೆ ತೆರೆಯಿತು. ಬೀಗದ ಚಿತ್ರ, ಇಲಾಖೆಯ ಹೆಸರು, ಅರ್ಜಿಗೆ ಇಲ್ಲಿ ಒತ್ತಿ ಎನ್ನುವ ಸಾಲು, ಎಲ್ಲವೂ ಇತ್ತು. ಸರ್ವರಿಗೆ ಏನೂ ಆಗಿರಲಿಲ್ಲ. ಕೆಟ್ಟಿದ್ದು ನನ್ನ ಕಂಪ್ಯೂಟರು. ನಾನು ಏನು ಮಾಡಿದೆ ಗೊತ್ತೇ? ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಇಷ್ಟು ಸಣ್ಣ ಪರದೆಯಲ್ಲಿ ಅರ್ಜಿ ತುಂಬಿ ಎಂಟು ಕಾಗದ ಏರಿಸುವುದು ಆಗದ ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆ. ಆಗದ ಕೆಲಸವೇನೂ ಅಲ್ಲ. ಆದರೆ ಆಗ ಎಲ್ಲರ ಎದುರು ಮಧ್ಯಾಹ್ನದಿಂದ ಹೇಳಿದ್ದು ಸುಳ್ಳು ಎಂದು ಒಪ್ಪಿಕೊಳ್ಳಬೇಕಾಗಿತ್ತು.

ನಾಲ್ಕೂಕಾಲಿಗೆ ಅವಳ ಊರಿನ ಕಡೆ ಬಸ್ಸು. ಅದು ತಪ್ಪಿದರೆ ಕತ್ತಲಾಗುವವರೆಗೆ ಬೇರೆ ಇಲ್ಲ, ಮಗಳು ಶಾಲೆಯಿಂದ ಬಂದು ಬೀಗ ಹಾಕಿದ ಮನೆಯ ಮುಂದೆ ಕೂತಿರುತ್ತಾಳೆ. ಕಾಗದ ಇಟ್ಟು ಹೋಗು, ಸರ್ವರ್ ಬಂದ ಕೂಡಲೇ ನಾನೇ ಹಾಕುತ್ತೇನೆ ಎಂದೆ. ಅವಳು ಕವರನ್ನು ಎರಡೂ ಕೈಯಲ್ಲಿ ಕೊಟ್ಟು, ಗಂಡನ ಫೋನ್ ನಂಬರು ಬರೆಸಿ ಹೋದಳು.

ಅವಳು ಹೋಗಿ, ಉಳಿದ ಮಂದಿಯೂ ಕರಗಿ ಅಂಗಡಿಯಲ್ಲಿ ಒಬ್ಬಳೇ ಆಗುವಷ್ಟರಲ್ಲಿ ಐದರ ಹತ್ತಿರ ಬಂದಿತ್ತು. ಆಗ ಆ ಎಚ್ಚರಿಕೆಯನ್ನು ಮೊದಲ ಸಲ ಪೂರ್ತಿ ಓದಿದೆ. ಅವಳು ಓದಿದ್ದೇ ಸರಿ. ನಿಮ್ಮ ಗಡಿಯಾರ ಹಿಂದಿದೆ ಎಂದೇ ಇತ್ತು, ಅದರ ಕೆಳಗೆ ಆಗಸ್ಟ್ ತಿಂಗಳ ತಾರೀಖೂ ಇತ್ತು. ಪ್ರತಿ ಜಾಲತಾಣಕ್ಕೂ ಒಂದು ಪ್ರಮಾಣಪತ್ರ ಇರುತ್ತದೆಯಂತೆ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅದಕ್ಕೆ ಅವಧಿಯೂ ಇರುತ್ತದೆಯಂತೆ. ಇಲಾಖೆಯವರು ಅದನ್ನು ಈಚೆಗಷ್ಟೇ ಹೊಸದಾಗಿ ಮಾಡಿಸಿದ್ದರು. ಆಗಸ್ಟಿನಲ್ಲೇ ಕೂತಿದ್ದ ನನ್ನ ಕಂಪ್ಯೂಟರಿನ ಮಟ್ಟಿಗೆ ಆ ಪತ್ರ ಇನ್ನೂ ಹುಟ್ಟಿಯೇ ಇರಲಿಲ್ಲ. ಮುಂದಿನ ತಿಂಗಳ ತಾರೀಖು ಹಾಕಿದ ಜಾತಿ ಪ್ರಮಾಣಪತ್ರ ತಂದರೆ ನಾನೂ ತೆಗೆದುಕೊಳ್ಳುವುದಿಲ್ಲ. ಜಾಲತಾಣದ ಪತ್ರದ ಈ ಸಂಗತಿಯನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಅವತ್ತು ಮಾಡಿದ್ದು ಇಷ್ಟೇ: ತಾರೀಖು ಸರಿಮಾಡಿದೆ, ಪುಟ ತೆರೆಯಿತು. ಅರ್ಧ ನಿಮಿಷದ ಕೆಲಸ.

ಗಂಟೆ ಐದಾಗಿತ್ತು. ಅರ್ಜಿ ತುಂಬಿದೆ, ಕಾಗದಗಳನ್ನು ಸ್ಕ್ಯಾನ್ ಮಾಡಿ ಏರಿಸಿದೆ. ಕೊನೆಯಲ್ಲಿ ಅವಳು ಬರೆಸಿದ ನಂಬರಿಗೆ ಒಟಿಪಿ ಹೋಯಿತು. ಆ ಆರು ಅಂಕಿ ಹೇಳಿದರೆ ಮುಗಿಯಿತು. ಫೋನ್ ಮಾಡಿದೆ, ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದೆ. ಅವಳ ಗಂಡ ಎಲ್ಲೋ ಹೊಲದಲ್ಲಿ, ಬದುವಿನ ಮೇಲೆ ಅಂಗಿಯ ಜೇಬಿನಲ್ಲಿ ಫೋನ್ ಬಿಟ್ಟು ಮೆಕ್ಕೆಜೋಳ ಮುರಿಯುತ್ತಿದ್ದನಂತೆ. ಐದೂವರೆಗೆ ಅರ್ಜಿಯ ಅವಧಿ ಮುಗಿದಿದೆ ಎಂದು ಬಂತು. ಅದು ಮಾತ್ರ ಕನ್ನಡದಲ್ಲಿತ್ತು.

ಆರು ಗಂಟೆಗೆ ಅವಳೇ ಅದೇ ಫೋನಿನಿಂದ ಮಾಡಿದಳು. ಅರ್ಜಿ ಹೋಯಿತೇ ಎಂದು ಕೇಳಿದಳು. ಸರ್ವರ್ ಕಡೆಯ ಗಳಿಗೆಗೆ ಬಂತು, ಮುಗಿಸುವಷ್ಟರಲ್ಲಿ ಹೊತ್ತು ಮೀರಿತು ತಂಗಿ ಎಂದೆ. ಹಾಗಾದರೆ ಕಾಗದ ನಿಮ್ಮ ಹತ್ತಿರವೇ ಇರಲಿ, ಸಂತೆಗೆ ಬಂದಾಗ ಒಯ್ಯುತ್ತೇನೆ ಎಂದಳು. ಸಂತೆಯ ದಿನ ಬಂದವನು ಅವಳ ಗಂಡ.

ಮಾರನೆಯ ವಾರವೇ ಆ ತಂತ್ರಾಂಶವನ್ನು ಕೊಂಡೆ. ತಾರೀಖು ಮುಟ್ಟುವುದನ್ನು ಬಿಟ್ಟೆ. ಎಚ್ಚರಿಕೆ ಬಂದರೆ ಕೂತು ಪೂರ್ತಿ ಓದುತ್ತೇನೆ. ಪಕ್ಕದ ಅಂಗಡಿಯವರಿಗೂ ಹೇಳಿಕೊಡುತ್ತೇನೆ: ಮೊದಲು ತಾರೀಖು ನೋಡಿ, ಆಮೇಲೆ ವಿಳಾಸ ನೋಡಿ, ಮುಂದುವರಿಯಿರಿ ಎನ್ನುವುದನ್ನು ಸುಮ್ಮಸುಮ್ಮನೆ ಒತ್ತಬೇಡಿ ಎಂದು. ಮೇಡಂ ಬಹಳ ತಿಳಿದವರು ಎಂಬ ಹೆಸರೂ ಬಂದಿದೆ. ಆ ಹೆಸರು ಕೇಳಿದಾಗಲೆಲ್ಲ ಬಾಯಿ ಕಹಿಯಾಗುತ್ತದೆ.

ಅವಳು ಮತ್ತೆ ಬಂದದ್ದು ವರ್ಷದ ಮೇಲೆ, ಮಗಳ ಹಾಸ್ಟೆಲ್ ಅರ್ಜಿ ಹಾಕಲು. ಕಂಡ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಸ್ಟೂಲು ಎಳೆದು ಕೊಟ್ಟೆ. ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಬೆರಳುಗಳ ತುದಿ ಹತ್ತಿ ಬಿಡಿಸಿ ಬಿಡಿಸಿ ಸೀಳಿದ್ದವು. ಕೂಲಿಗೆ ಹೋಗುತ್ತೇನೆ ಎಂದಳು. ಅಂಗನವಾಡಿಯ ಕಡೆ ಈಗ ಕಾಲಿಡುವುದಿಲ್ಲ, ಮಕ್ಕಳು ಬಾಗಿಲಿಗೆ ಬಂದು ಕರೆದರೂ ಹೋಗುವುದಿಲ್ಲ ಎಂದಳು. ಹುದ್ದೆ ಅದೇ ಊರಿನ, ಒಂದು ದಿನವೂ ಆ ಮಕ್ಕಳ ಮೂಗು ಒರೆಸದ ಬೇರೊಬ್ಬಾಕೆಗೆ ಆಗಿತ್ತು. ನಾನು ಕೇಳದೆಯೇ, ಮಗಳ ಕಾಗದಗಳನ್ನು ಒಂದೊಂದಾಗಿ ಕೊಡುತ್ತ, ಅವಳು ಉಳಿದದ್ದನ್ನೂ ಹೇಳಿದಳು.

‘ಅವತ್ತ ಮಧ್ಯಾಹ್ನ ಮೂರಕ್ಕ ಅಕಿ ನಿಮ್ಮ ಎದುರಿನ ಅಂಗಡ್ಯಾಗ ಅರ್ಜಿ ಹಾಕ್ಯಾಳಂತ್ರಿ. ಅವ್ರಿಗೆ ಸರ್ವರ್ ಇತ್ತಂತ. ಬಸ್ ಇಳಿದ ಕೂಡ್ಲೇ ನನಗೂ ಮೊದ್ಲು ಸಿಕ್ಕಿದ್ದು ಅದ ಅಂಗಡಿ. ನೀವು ಹೆಣ್ಮಗಳು ಅದೀರಿ, ನಮ್ಮ ಕಷ್ಟ ತಿಳೀತೈತಿ ಅಂತ ಅದನ್ನ ದಾಟಿ ಬಂದಿದ್ನಿ.’

ನಾನು ಕೀಲಿಮಣೆಯ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಬೇಕೆಂದಿದ್ದರೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ.

‘ನನ್ನ ಮಿಷಿನ್ ಕೆಟ್ಟಿದ್ದು ನನಗೂ ಅವತ್ತ ಗೊತ್ತಾಗ್ಲಿಲ್ಲ ತಂಗಿ,’ ಎಂದೆ.

‘ಹೌದ್ರಿ. ಗೊತ್ತಿದ್ರ ನೀವು ಹೇಳ್ತಿದ್ರಿ,’ ಎಂದಳು.

ಮಗಳ ಅರ್ಜಿ ಹತ್ತೇ ನಿಮಿಷದಲ್ಲಿ ಹೋಯಿತು. ಪ್ರಿಂಟು ತೆಗೆದು ಅವಳ ಕೈಗೆ ಕೊಟ್ಟೆ.