ತಾಳಿ ತೇಯ್ದ ಚಿನ್ನ

ನಮ್ಮ ಮನೆಯಲ್ಲಿ ಎಳೆಗೂಸಿಗೆ ಬಜೆಯ ಜೊತೆ ಚಿನ್ನ ತೇಯ್ದು ನೆಕ್ಕಿಸುತ್ತಿದ್ದರು. ಚಿನ್ನ ತಾಯಿಯ ತಾಳಿಯದೇ ಆಗಬೇಕು. ತಾಳಿಯನ್ನು ಕೊರಳಿನಿಂದ ತೆಗೆಯುವಂತಿಲ್ಲ. ಹಾಗಾಗಿ ಬಾಣಂತನಕ್ಕೆ ಮುಳಬಾಗಿಲಿಗೆ ಬಂದಿದ್ದ ಅಕ್ಕ ದಿನವೂ ಕಲ್ಲಿನ ಮೇಲೆ ಕತ್ತು ಬಗ್ಗಿಸಿ, ದಾರದಲ್ಲಿದ್ದಂತೆಯೇ ಅದನ್ನು ಜೇನುತುಪ್ಪದಲ್ಲಿ ತೇಯುತ್ತಿದ್ದಳು. ಅವಳ ಹಿಂದಿನ ಎರಡು ಮಕ್ಕಳು ಉಳಿದಿರಲಿಲ್ಲ. ಈ ಮೂರನೆಯವನೂ ಹಾಲು ಬಿಟ್ಟು ದಿನದಿನಕ್ಕೆ ಇಳಿಯುತ್ತಿದ್ದ. ಆಸ್ಪತ್ರೆಯ ಡಾಕ್ಟರು ಕೈಚೆಲ್ಲಿದ ಮೇಲೆ ನಮಗೆ ಉಳಿದದ್ದು ಆ ಕಲ್ಲೊಂದೇ.

ನಾನು ಆಗ ಕೋಲಾರದಲ್ಲಿ ಇಂಟರ್‌ಮೀಡಿಯಟ್ ಓದುತ್ತಿದ್ದೆ. ಶನಿವಾರ ಬಸ್ಸು ಹಿಡಿದು ಊರಿಗೆ ಬರುತ್ತಿದ್ದೆ. ಕೆಮಿಸ್ಟ್ರಿ ಓದುವ ಹುಡುಗನೆಂದರೆ ಮನೆಯವರ ಕಣ್ಣಿಗೆ ಅರ್ಧ ವೈದ್ಯ. ನನ್ನ ಓದು ಇನ್ನೂ ಅರೆಬೆಂದ ಅನ್ನ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

"ಇಷ್ಟು ತೇಯ್ತೀನಲ್ಲ, ಚಿನ್ನ ನಿಜವಾಗ್ಲೂ ಇವನ ಹೊಟ್ಟೆಗೆ ಹೋಗ್ತದಾ? ನಿಮ್ಮ ಕಾಲೇಜಲ್ಲಿ ನೋಡಿ ಹೇಳೋ" ಎಂದಳು ಅಕ್ಕ.

ಸಿಟ್ಟು ಬಂದರೆ ಅಜ್ಜಿಗೆ ತೆಲುಗು ಬರುತ್ತಿತ್ತು. "ಎಂದುಕುರಾ ಪರೀಕ್ಷ? ಯಾತಕ್ಕೋ ಅದೆಲ್ಲ? ನೀನೂ ಇದನ್ನೇ ನೆಕ್ಕಿ ಬೆಳೆದೋನು ಕಣೋ."

ಕಾಲೇಜಿನಲ್ಲಿ ನನ್ನ ಬೆರಳಿನ ಉಂಗುರವನ್ನೇ ಗಾಜಿನ ಪೆಟ್ಟಿಗೆಯ ತಕ್ಕಡಿಯಲ್ಲಿ ತೂಗಿದೆ. ಅಕ್ಕ ತೇಯುವಷ್ಟೇ ತೇಯ್ದು, ತೊಳೆದು ಒರೆಸಿ, ಮತ್ತೆ ತೂಗಿದೆ. ಮುಳ್ಳು ಮೊದಲಿನ ಜಾಗದಲ್ಲೇ ನಿಂತಿತು. ಗ್ರಾಮಿನ ಹತ್ತು ಸಾವಿರದಲ್ಲೊಂದು ಪಾಲು ಕಡಿಮೆಯಾದರೂ ತೋರಿಸುವ ತಕ್ಕಡಿ ಅದು. ಇದನ್ನು ಅಕ್ಕನಿಗೆ ಯಾವ ಬಾಯಲ್ಲಿ ಹೇಳಲಿ? ಅದಕ್ಕೇ ಲೆಕ್ಕಕ್ಕೆ ಕೂತೆ. ಹೆಚ್ಚೆಂದರೆ ಆ ಒಂದು ಪಾಲು ಸವೆದಿರಬಹುದು. ಚಿನ್ನದ ಪರಮಾಣು ತೂಕ ನೂರತೊಂಬತ್ತೇಳು. ಅಷ್ಟು ಗ್ರಾಮು ಚಿನ್ನದಲ್ಲಿ ಆರರ ಮುಂದೆ ಇಪ್ಪತ್ತಮೂರು ಸೊನ್ನೆ ಇಟ್ಟಷ್ಟು ಪರಮಾಣುಗಳು. ಭಾಗಿಸಿ ಗುಣಿಸಿದರೆ ಮೂರರ ಮುಂದೆ ಹದಿನೇಳು ಸೊನ್ನೆ ಬಂತು. ಅದರ ಅರ್ಧ ಮಗುವಿನ ಹೊಟ್ಟೆಗೆ ಹೋಗಿದ್ದರೂ ಸಾಲದೇ ಎಂದು ನನಗೆ ನಾನೇ ಹೇಳಿಕೊಂಡೆ.

ಶನಿವಾರ ಸೊನ್ನೆಗಳನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು, ಇಷ್ಟು ಕೋಟಿ ಚಿನ್ನದ ಕಣ ಎಂದು ತೋರಿಸಿದೆ. ಅಕ್ಕನ ಮುಖ ಸ್ವಲ್ಪ ಗೆಲುವಾಯಿತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಆ ಸಾಲನ್ನೇ ನೋಡುತ್ತ ಕೂತಳು.

"ಇಷ್ಟಿದ್ರೆ ಸಾಕಾಗ್ತದೇನೋ?"

ಎಷ್ಟಿದ್ದರೆ ಸಾಕೆಂದು ಯಾವ ಪುಸ್ತಕವೂ ಹೇಳಿರಲಿಲ್ಲ. ಅವಳು ಮತ್ತೆ ಕಲ್ಲಿನ ಮೇಲೆ ಬಗ್ಗಿದಳು. ದಾರ ಉಜ್ಜಿ ಉಜ್ಜಿ ಅವಳ ಕತ್ತಿನಲ್ಲಿ ಕೆಂಪು ಗೆರೆ ಎದ್ದಿತ್ತು.

ಮುಂದಿನ ವಾರ ನಾನು ಬಸ್ಸಿಳಿಯುವ ಹೊತ್ತಿಗೆ ಅಪ್ಪ ಹೊಲದ ಬದುವಿನಲ್ಲಿ ಮಗುವನ್ನು ಮಣ್ಣು ಮಾಡಿ ಬಂದಿದ್ದರು. ನಮ್ಮಲ್ಲಿ ಹಸುಗೂಸನ್ನು ಸುಡುವುದಿಲ್ಲ. ಅಕ್ಕ ಒಳಗೆ ಗೋಡೆಗೊರಗಿ ಕೂತಿದ್ದಳು. ಎದೆಯ ಹಾಲಿಗೆ ಸೀರೆ ನೆನೆದಿತ್ತು. ನನಗೆ ಸಂಕಟ ತಡೆಯಲಾಗಲಿಲ್ಲ. ಬಾಯಿಗೆ ಬಂದದ್ದು ಮಾತ್ರ ಕಲಿತ ಪಾಠ.

"ನೀನು ನೆಕ್ಕಿಸಿದ ಚಿನ್ನ ಅವನ ಜೊತೇಲೇ ಇದೆ ಅಕ್ಕ. ಮಣ್ಣಲ್ಲಿದ್ರೂ ಅದು ಹಾಳಾಗಲ್ಲ."

ಅಕ್ಕ ಅಳಲಿಲ್ಲ.

"ಅವು ಅಷ್ಟು ಕೋಟಿ ಇದ್ದು ಏನ್ ಮಾಡ್ತವೋ" ಎಂದಳು. "ನಂಗಿದ್ದಿದ್ದು ಇವನೊಬ್ಬ."