ಕಣ್ಣು ಮುಚ್ಚಿ ನೋಡಿದ ಸಿನಿಮಾ

ನಮ್ಮ ಕಡೆಗೆ ಇನ್ನೂ ಕರೆಂಟು ಬಾರದಿದ್ದ ಆ ಕಾಲದಲ್ಲಿ ಸಿನಿಮಾ ನೋಡಲು ಎಲ್ಲರೂ ಹೋಗಬೇಕೆಂದಿರಲಿಲ್ಲ. ಊರಿಗೊಬ್ಬ ಹೋದರೆ ಸಾಕು, ಉಳಿದವರು ಅವನ ಬಾಯಿಂದ ನೋಡುತ್ತಿದ್ದರು. ನಮ್ಮ ಊರಿನಲ್ಲಿ ಆ ಒಬ್ಬ ನಾನು.

ಬೆಳ್ಳಾರೆಯಿಂದ ಎರಡು ಮೈಲಿ ಒಳಗೆ, ಸುಬ್ಬಕ್ಕನ ಮನೆ ಜಗಲಿಯಲ್ಲಿ ಎಂಟು ಹೆಂಗಸರು ಕೂತು ಬೀಡಿ ಕಟ್ಟುತ್ತಿದ್ದರು. ನನ್ನ ಅಮ್ಮನೂ ಅವರಲ್ಲೊಬ್ಬಳು. ನೆನೆಸಿದ ಎಲೆಯ ವಾಸನೆ, ಮೂಗಿಗೆ ಹತ್ತುವ ಹೊಗೆಸೊಪ್ಪಿನ ಹುಡಿ, ನಡುವೆ ಬೆಲ್ಲದ ಚಾ ಮತ್ತು ಸುಟ್ಟ ಹಲಸಿನ ಬೀಜ. ಬೇಸಿಗೆಯಲ್ಲಿ ಬೆಳ್ಳಾರೆಗೆ ಡೇರೆ ಟಾಕೀಸು ಬರುತ್ತಿತ್ತು. ಕತ್ತಲಾದ ಮೇಲಿನ ಆಟಕ್ಕೆ ನಮ್ಮ ಹೆಂಗಸರು ಹೋಗುವ ಕ್ರಮ ಇರಲಿಲ್ಲ. ಹಾಗಾಗಿ ಅವರೆಲ್ಲ ಸೇರಿ ನನಗೆ ಟಿಕೇಟಿನ ಚಿಲ್ಲರೆ ಕೊಡುತ್ತಿದ್ದರು. ಮರುದಿನ ನಾನು ಜಗಲಿಯ ಕಂಬಕ್ಕೆ ಒರಗಿ ಇಡೀ ಸಿನಿಮಾ ಹೇಳಬೇಕು. ಹಾಡು ಬಂದಲ್ಲಿ ಹಾಡಬೇಕು, ಹೊಡೆದಾಟ ಬಂದಲ್ಲಿ ಹೊಡೆದಾಡಬೇಕು. ಹತ್ತು ವರ್ಷದ ನನಗೆ ಶಾಲೆಯಲ್ಲಿ ಎಂದೂ ಸಿಗದ ಮರ್ಯಾದೆ ಅಲ್ಲಿ ಸಿಗುತ್ತಿತ್ತು.

ಆ ಎಂಟು ಮಂದಿಯಲ್ಲಿ ಕಮಲಕ್ಕ ಎಂಬವರಿದ್ದರು. ಗುಂಡ್ಯದ ಕಡೆಯಿಂದ ಮದುವೆಯಾಗಿ ಬಂದವರು, ಗಂಡ ತೀರಿಹೋಗಿದ್ದ. ಅವರ ಬಲಗೈ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ತೊನ್ನಿನಿಂದ ಬೆಳ್ಳಗಾಗಿತ್ತು. ದಿನಾ ನೋಡಿ ನೋಡಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವರು ಕಟ್ಟಿದ ಬೀಡಿ ಎಲ್ಲರದಕ್ಕಿಂತ ಸಪೂರ, ಎಲ್ಲರದಕ್ಕಿಂತ ಬಿಗಿ. ಕತೆ ಕೇಳುವಾಗ ಉಳಿದವರು "ಮತ್ತೆ ಎಂತ ಆಯ್ತು?" ಎಂದರೆ, ಕಮಲಕ್ಕ "ಅವಳು ಯಾಕೆ ಹಾಗೆ ಮಾಡಿದ್ದು?" ಎನ್ನುತ್ತಿದ್ದರು. ಆ ಪ್ರಶ್ನೆಗೆ ನಾನು ಸ್ವಲ್ಪ ಹೆದರುತ್ತಿದ್ದೆ.

ಆ ಬೇಸಿಗೆಯಲ್ಲಿ ಒಂದು ದೆವ್ವದ ಸಿನಿಮಾ ಬಂತು. "ಗುಂಡಿಗೆ ಗಟ್ಟಿ ಇಲ್ಲದವರು ದಯವಿಟ್ಟು ಬರಬೇಡಿ" ಎಂದು ಜೀಪಿನ ಮೈಕು ಮೂರು ದಿನ ಕೂಗಿತು. ಒಣಮೀನಿನ ವ್ಯಾಪಾರದ ಅದ್ರಾಮಾಕ ಎಂದಿನಂತೆ ನನ್ನನ್ನು ಕರೆದುಕೊಂಡು ಹೋದರು. ಅವರು ಡೇರೆಯ ನೆಲಕ್ಕೆ ಹಾಕಿದ ಹೊಯಿಗೆಯ ಮೇಲೆ ಟವೆಲು ಹಾಸಿ ಕೂತವರು, ಪರದೆಯಲ್ಲಿ ಹೆಸರು ತೋರಿಸಿ ಮುಗಿಯುವ ಮೊದಲೇ ಗೊರಕೆ ಹೊಡೆದರು.

ಪಾಳು ಬಂಗಲೆ. ಮಾಳಿಗೆಯಲ್ಲಿ ಯಾರೂ ಇಲ್ಲ, ಆದರೂ ಯಾರೋ ನಡೆಯುವ ಸದ್ದು. ಕೊನೆಯಲ್ಲೊಂದು ಮುಚ್ಚಿದ ಬಾಗಿಲು. ಮೋಂಬತ್ತಿ ಹಿಡಿದ ಹುಡುಗಿ ಒಂದೊಂದೇ ಹೆಜ್ಜೆ ಇಟ್ಟು ಅದರ ಹತ್ತಿರ ಹೋದಳು. ಸಂಗೀತ ಒಮ್ಮೆಲೇ ನಿಂತಿತು. ಡೇರೆಯ ಹೊರಗೆ ಜನರೇಟರು ಉಸಿರಾಡುವುದು ಮಾತ್ರ ಕೇಳುತ್ತಿತ್ತು. ಬಾಗಿಲು ಕಿರ್ರೆಂದಾಗ ನಾನು ಕಣ್ಣು ಮುಚ್ಚಿದೆ. ಹಿಂದೆ ಯಾರೋ ಕಿರುಚಿದರು. ಕಣ್ಣು ತೆರೆದಾಗ ಪರದೆಯಲ್ಲಿ ಬೆಳಗಾಗಿತ್ತು, ಹುಡುಗಿ ನೆಲದಲ್ಲಿ ಬಿದ್ದಿದ್ದಳು.

ದಾರಿಯಲ್ಲಿ ಅದ್ರಾಮಾಕ ಕೇಳಿದರು: "ಬಾಗಿಲ ಹಿಂದೆ ಎಂತ ಇದ್ದದ್ದಾ? ನನಗೆ ಸ್ವಲ್ಪ ಕಣ್ಣು ಹತ್ತಿತು ಮಾರಾಯ."

"ಅದು ಭಾರೀ ಉಂಟು, ನಾಳೆ ಹೇಳ್ತೇನೆ" ಎಂದೆ.

ಮರುದಿನ ಜಗಲಿಯಲ್ಲಿ ಬಾಗಿಲವರೆಗೆ ಚೆನ್ನಾಗಿಯೇ ಹೇಳಿದೆ. ಎಲೆ ಕತ್ತರಿಸುವ ಎಂಟು ಕತ್ತರಿಗಳೂ ನಿಂತವು.

"ಹೇಳಾ, ಕೈ ಓಡುದಿಲ್ಲ ನಮಗೆ" ಎಂದರು ಸುಬ್ಬಕ್ಕ.

"ಬಾಗಿಲು ತೆರೆಯಿತು. ದೆವ್ವ ಬಂತು" ಎಂದೆ.

"ಹೇಗೆ ಉಂಟು ಅದು?" ಕೇಳಿದ್ದು ಕಮಲಕ್ಕ. "ಬರೇ ದೆವ್ವ ಅಂದರೆ ಹೇಗೆ? ಮುಖ ಹೇಗೆ? ಅದಕ್ಕೆ ಎಂತ ಬೇಕಿತ್ತು? ನೀನು ಸರಿಯಾಗಿ ನೋಡಿದ್ದಿಯಲ್ಲ ಮಗಾ?"

ಹೆಂಗಸರು ನಕ್ಕರು. "ಹೆದರಿ ಚಡ್ಡಿ ಒದ್ದೆ ಮಾಡಿಕೊಂಡಿರಬೇಕು" ಎಂದರು ಯಾರೋ. ನನ್ನ ಕಿವಿ ಬಿಸಿಯಾಯಿತು. ಕಮಲಕ್ಕನ ಮಡಿಲ ಗೆರಸೆಯ ಮೇಲೆ ಅವರ ಕೈ ಸುಮ್ಮನೆ ಬಿದ್ದಿತ್ತು. ಅದನ್ನೇ ನೋಡುತ್ತಾ ಹೇಳಿದೆ:

"ಮುಖ ತೋರಿಸುದಿಲ್ಲ. ಬಾಗಿಲ ಸಂದಿಯಿಂದ ಒಂದು ಕೈ ಮಾತ್ರ ಬರ್ತದೆ. ಬಲಗೈ. ಮಣಿಕಟ್ಟಿನವರೆಗೆ ಬೆಳ್ಳಗೆ, ಮತ್ತೆ ಕಪ್ಪು."

ಬಾಯಿ ತಪ್ಪಿ ಬಂದ ಮಾತಲ್ಲ ಅದು. ಕಮಲಕ್ಕನ ಬಾಯಿ ಮುಚ್ಚಿಸಬೇಕೆಂದೇ ಹೇಳಿದ್ದು.

ನಗು ನಿಂತಿತು. ಏಳು ಮಂದಿ ಕಮಲಕ್ಕನ ಕೈ ನೋಡಿದರು, ಮೊದಲ ಸಲ ನೋಡಿದ ಹಾಗೆ. ಅವರು ಮೆಲ್ಲ ಸೆರಗನ್ನು ಕೈಯ ಮೇಲೆ ಎಳೆದುಕೊಂಡು, "ಮತ್ತೆ?" ಎಂದರು.

ಆ ವಾರ ಮಕ್ಕಳು ಗೇರುಬೀಜದ ಆಟ ಬಿಟ್ಟು ಹೊಸ ಆಟ ಹಿಡಿದರು. ಒಬ್ಬ ಕೈಗೆ ಸುಣ್ಣ ಬಳಿದುಕೊಂಡು ಅಟ್ಟಿಸಿಕೊಂಡು ಬರುವುದು, ಮುಟ್ಟಿಸಿಕೊಂಡವ ಸತ್ತ ಹಾಗೆ. ಮೊದಲು ಸುಣ್ಣ ಬಳಿದುಕೊಂಡವ ನಾನು. ಸುಬ್ಬಕ್ಕನ ಮೊಮ್ಮಗು ಕಮಲಕ್ಕ ಎತ್ತಿಕೊಳ್ಳಲು ಹೋದಾಗ ಚೀರಿತು. ಅವರು ಮಾಡಿದ ಚಾ ಪಾತ್ರೆಯಲ್ಲೇ ತಣಿಯಿತು. ಒಂದು ಮುಸ್ಸಂಜೆ ಅವರು ನಮ್ಮ ಅಂಗಳ ದಾಟುವಾಗ ಅಮ್ಮನೇ ನನ್ನನ್ನು ಒಳಗೆ ಎಳೆದುಕೊಂಡಳು. ಕೊನೆಗೆ ಕಮಲಕ್ಕ ಎಲೆ ಮನೆಗೇ ಒಯ್ದು ಒಬ್ಬರೇ ಕಟ್ಟತೊಡಗಿದರು.

ಒಂದು ದಿನ ತೋಡು ದಾಟುವ ಸಂಕದ ಹತ್ತಿರ ಎದುರು ಸಿಕ್ಕಿದರು. ಓಡಲು ಹೊರಟೆ.

"ನಿಲ್ಲು ಮಗಾ, ಬೈಯುದಿಲ್ಲ. ಒಂದು ಕೇಳ್ತೇನೆ, ಸತ್ಯ ಹೇಳು. ಆ ಸಿನಿಮಾದಲ್ಲಿ ಆ ಕೈ ನಿಜವಾಗಿ ಉಂಟಾ?"

ಇಲ್ಲ ಎಂದಿದ್ದರೆ ಅಲ್ಲಿಗೆ ಎಲ್ಲ ಸರಿಯಾಗುತ್ತಿತ್ತು. ಆದರೆ ನಾನು ಕಣ್ಣು ಮುಚ್ಚಿದ್ದು ಗೊತ್ತಾದರೆ ಮುಂದಿನ ಸಿನಿಮಾಕ್ಕೆ ಇನ್ನೊಬ್ಬನನ್ನು ಕಳಿಸುತ್ತಾರೆ. ಅದರ ಜೀಪು ಆಗಲೇ ಕೂಗಿಕೊಂಡು ಹೋಗಿತ್ತು.

"ಉಂಟು" ಎಂದೆ.

"ಬಲಗೈಯೇ?"

"ಹೌದು."

ಅವರು ಸೆರಗನ್ನು ಮಣಿಕಟ್ಟಿಗೆ ಸುತ್ತಿಕೊಂಡರು. "ಹಾಗಾದರೆ ನಿನ್ನದೆಂತ ತಪ್ಪಿಲ್ಲ ಬಿಡು. ಇದ್ದದ್ದನ್ನು ಹೇಳಿದ್ದಿ."

ಮಳೆ ಹಿಡಿಯುವ ಮೊದಲು ಅವರು ಅಣ್ಣನ ಮನೆಗೆಂದು ಗುಂಡ್ಯದ ಕಡೆಗೆ ಹೋದರು. ಮತ್ತೆ ಬರಲಿಲ್ಲ.

ವಿಚಿತ್ರವೆಂದರೆ, ನಾನೇ ಕಟ್ಟಿದ ಆ ಕೈ ನನ್ನನ್ನು ಬಿಡಲಿಲ್ಲ. ಬಾವಿಯಲ್ಲಿ ಬಗ್ಗಿದರೆ ಕೊಡಪಾನದ ಅಂಚು ಹಿಡಿದು ಮೇಲೆ ಬರುತ್ತಿತ್ತು. ದೊಡ್ಡವನಾದ ಮೇಲೂ ಅರ್ಧ ತೆರೆದ ಬಾಗಿಲಿಗೆ ಬೆನ್ನು ಹಾಕಿ ಮಲಗಿದವನಲ್ಲ. ವರ್ಷಗಳು ಹೋದ ಹಾಗೆ ಪರದೆಯ ಮೇಲೆ ಅದನ್ನು ಕಂಡ ನೆನಪೇ ನನಗೆ ಬಂತು. ಉಗುರುಗಳ ಸಮೇತ ಬಂತು. ಯಾರಾದರೂ ಆಣೆ ಹಾಕಿಸಿದ್ದರೂ ನೋಡಿದ್ದೇನೆ ಎನ್ನುತ್ತಿದ್ದೆ.

ಕಳೆದ ವರ್ಷ ಪುತ್ತೂರಿನಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗಳು ಮೊಬೈಲಿನಲ್ಲಿ ಆ ಸಿನಿಮಾ ಹುಡುಕಿ ಕೊಟ್ಟಳು. ಮಧ್ಯಾಹ್ನದ ಬೆಳಕಿನಲ್ಲಿ ಇಬ್ಬರೂ ನೋಡಿದೆವು. ಮಾಳಿಗೆಯ ಹೆಜ್ಜೆ ಸದ್ದಿಗೆ ಅವಳು ನಕ್ಕಳು. ಬಾಗಿಲು ಬಂತು. ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ಬಾಗಿಲು ತೆರೆಯಿತು. ಒಳಗೆ ಒಂದು ಖಾಲಿ ತೊಟ್ಟಿಲು, ತನ್ನಷ್ಟಕ್ಕೆ ತೂಗುತ್ತಿತ್ತು. ಅಷ್ಟೇ.

"ಇಷ್ಟೆಯಾ ಅಜ್ಜ? ಇದಕ್ಕೆ ಹೆದರಿದ್ದಾ ನೀವು?"

"ಇನ್ನೊಮ್ಮೆ ಹಾಕು" ಎಂದೆ. ನಾಲ್ಕು ಸಲ ಹಾಕಿಸಿದೆ. ಕೈ ಎಲ್ಲೂ ಇರಲಿಲ್ಲ. ನನಗೆ ಹೆದರಿಕೆಯಾದದ್ದು ಆಗ.

ಅದರ ಮರುವಾರ ಗುಂಡ್ಯಕ್ಕೆ ಹೋಗಿ ಅಂಗಡಿ ಅಂಗಡಿಯಲ್ಲಿ ಕೇಳಿದೆ. ಕಮಲಕ್ಕನ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ.

ಈಗ ಸುಬ್ಬಕ್ಕನ ಜಗಲಿಯಲ್ಲಿ ಯಾರೂ ಬೀಡಿ ಕಟ್ಟುವುದಿಲ್ಲ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪರದೆ, ಅವರವರ ಕಣ್ಣು ಅವರವರಿಗೆ. ಅದೇ ಒಳ್ಳೆಯದು ಎನ್ನಬೇಕು. ಆದರೆ ಎಂಟು ಮಂದಿ ಹೆಂಗಸರು ತಮ್ಮ ಕಣ್ಣುಗಳನ್ನು ನಂಬಿ ಕೊಟ್ಟು ಕಳಿಸಿದಷ್ಟು ನನ್ನನ್ನು ಆಮೇಲೆ ಯಾರೂ ನಂಬಿದ್ದಿಲ್ಲ. ಆ ನಂಬಿಕೆಯಿಂದ ನಾನು ಮಾಡಿದ್ದು ಇದು. ಕಮಲಕ್ಕ ಈಗ ಇರಲಾರರು. ಇದ್ದಷ್ಟು ಕಾಲ ಅವರು ಸಂಜೆಯಾದಾಗೆಲ್ಲ ನೆನೆದಿರಬೇಕು: ಎಲ್ಲೋ ಒಂದು ಊರಿನ ಡೇರೆಯಲ್ಲಿ ಈಗ ದೀಪ ಆರಿಸಿರುತ್ತಾರೆ, ಬಾಗಿಲ ಸಂದಿಯಿಂದ ತನ್ನ ಕೈ ಹೊರಗೆ ಬರುತ್ತಾ ಇರುತ್ತದೆ, ಜನ ಕಿರುಚುತ್ತಾ ಇರುತ್ತಾರೆ ಎಂದು.